ಪೌಡರ್ ಡಬ್ಬಿಗೆ ಮೊದಲು ನಲ್ಲಿ ನೀರು

ಕೇರಂ ಬೋರ್ಡಿನ ಮುಂದೆ ಪಳಗಿದ ಕೈ ಪೂಲ್ ಟೇಬಲ್ಲಿಗೆ ಬರುವಾಗ ಒಂದು ನಂಬಿಕೆಯನ್ನೂ ಜೊತೆಗೆ ತರುತ್ತದೆ: ಆಟ ಅಂಟಿದಂತಾದರೆ ಪೌಡರ್ ಹಾಕಬೇಕು. ಕೇರಂ ಮಟ್ಟಿಗೆ ಅದು ಸರಿಯಾದ ನಂಬಿಕೆಯೇ. ಅಲ್ಲಿ ಕಾಯಿಯೂ ಸ್ಟ್ರೈಕರೂ ಉರುಳುವುದಿಲ್ಲ, ಮರದ ಹಲಗೆಯ ಮೇಲೆ ಜಾರುತ್ತವೆ. ಬೋರಿಕ್ ಪುಡಿ ಇರುವುದೇ ಆ ಜಾರಾಟಕ್ಕಾಗಿ, ಆಟ ಮುಗಿದ ಮೇಲೆ ಒಂದು ಬಟ್ಟೆಯಲ್ಲಿ ಒರೆಸಿದರೆ ಹಲಗೆ ಮೊದಲಿನಂತಾಗುತ್ತದೆ. ಪೂಲ್‌ನಲ್ಲಿ ಎಲ್ಲವೂ ತಿರುಗುಮುರುಗು. ಇಲ್ಲಿ ಚೆಂಡು ಉಣ್ಣೆಯ ಬಟ್ಟೆಯ ಮೇಲೆ ಉರುಳಬೇಕು. ಆ ಬಟ್ಟೆಯ ಎಳೆಗಳ ನಡುವೆ ಇಳಿದ ಪುಡಿಯನ್ನು ಒರೆಸಿ ತೆಗೆಯುವಂತಿಲ್ಲ. ಮೇಲಾಗಿ ಪೌಡರ್ ಬೇಕಾದದ್ದು ಕೈಗೆ, ಕೂರುವುದು ಮಾತ್ರ ಟೇಬಲ್ಲಿನ ಮೇಲೆ. ಕುಷನ್ನಿನ ಪಕ್ಕದಲ್ಲಿ ಬಿಳಿಯ ಬೆರಳಚ್ಚು, ನೀಲಿ ಬಟ್ಟೆಯ ನಡುವೆ ಅಂಗೈಯ ಮುದ್ರೆ, ಕ್ಯೂ ಮೇಲೆ ಬೂದುಬಣ್ಣದ ಜಿಡ್ಡು, ಇವು ಪೂಲ್ ಪಾರ್ಲರ್‌ಗೆ ಹೋಗುವ ಎಲ್ಲರಿಗೂ ಪರಿಚಿತ. ಕೈ ಒಣಗಿರಬೇಕು ಎಂಬುದರಲ್ಲಿ ತಕರಾರಿಲ್ಲ. ಆದರೆ ಹೆಚ್ಚಿನ ಆಟಗಾರರಿಗೆ ತೊಂದರೆ ಕೊಡುತ್ತಿರುವುದು ಏನೋ ಕಡಿಮೆಯಾಗಿರುವುದಲ್ಲ, ಏನೋ ಹೆಚ್ಚಾಗಿರುವುದು. ಕೈಯಲ್ಲಿ ಬೆವರು ಮತ್ತು ಎಣ್ಣೆ, ಕ್ಯೂ ಮೇಲೆ ಹಳೆಯ ಕೊಳೆ. ಅದನ್ನು ತೆಗೆಯದೆ ಮೇಲೊಂದು ಪದರ ಹಾಕಿದರೆ ಕೈಗೂ ಸುಖವಿಲ್ಲ, ಟೇಬಲ್ಲಿಗೂ ಕೇಡು. ಕೈಯ ಒಣತನ ಮತ್ತು ಟೇಬಲ್ಲಿನ ಶುಚಿ ಎರಡು ಬೇರೆ ಸಮಸ್ಯೆಗಳಲ್ಲ ಎಂಬುದು ಈ ಲೇಖನದ ವಾದ.

ಮೊದಲು ಎರಡು ಕೈಗಳ ಕೆಲಸವನ್ನು ಬೇರ್ಪಡಿಸಿ ನೋಡಬೇಕು. ಹಿಂದಿನ ಕೈ ಕ್ಯೂ ಹಿಡಿಯುತ್ತದೆ. ಟೇಬಲ್ಲಿನ ಮೇಲೆ ಊರಿದ ಮುಂದಿನ ಕೈ, ಆಟಗಾರರು ಬ್ರಿಡ್ಜ್ ಎನ್ನುವುದು, ಕ್ಯೂಗೆ ದಾರಿ ಮಾಡಿಕೊಡುತ್ತದೆ. ಹಿಂದಿನ ಕೈಗೆ ಹಿಡಿತ ಬೇಕು, ಮುಂದಿನ ಕೈಗೆ ಜಾರಿಕೆ ಬೇಕು. ಜಿಮ್ನಾಸ್ಟಿಕ್ಸ್‌ನವರು ಅಂಗೈಗೆ ಬಳಿದುಕೊಳ್ಳುವ ಬಿಳಿ ಪುಡಿ ಮೆಗ್ನೀಷಿಯಂ ಕಾರ್ಬೊನೇಟ್. ಬೆವರು ಹೀರಿ ಹಿಡಿತ ಹೆಚ್ಚಿಸುವುದು ಅದರ ಕೆಲಸ. ಪೂಲ್ ಆಡುವವರು ಹಾಕಿಕೊಳ್ಳುವ ಟಾಲ್ಕಂ ಪೌಡರ್ ಹಿಡಿತ ತಪ್ಪಿಸಲು. ನೋಟಕ್ಕೆ ಎರಡೂ ಒಂದೇ ಬಗೆಯ ಬಿಳುಪಾದ್ದರಿಂದ ಎರಡೂ ಕೈಗೆ ಧಾರಾಳವಾಗಿ ಹಚ್ಚಿಕೊಂಡು ಆಡುವವರಿದ್ದಾರೆ, ಆಮೇಲೆ ಹಿಂದಿನ ಕೈಯಲ್ಲಿ ಕ್ಯೂ ತಿರುಗುತ್ತಿದೆ ಎಂದು ಗೊಣಗುತ್ತಾರೆ. ಮುಂದಿನ ಕೈಯಲ್ಲಿ ಕ್ಯೂ ಕ್ಷಣಮಾತ್ರ ಅಂಟಿ ಬಿಟ್ಟರೆ ಆಗುವ ನಷ್ಟ ಲೆಕ್ಕಕ್ಕೆ ಸಿಗುವಂಥದ್ದು. ಚೆಂಡು ಹೊರಟ ದಿಕ್ಕು ಒಂದೇ ಒಂದು ಡಿಗ್ರಿ ತಪ್ಪಿದರೆ ಒಂದು ಮೀಟರ್ ದೂರದಲ್ಲಿ ಅದು ಸುಮಾರು 1.7 ಸೆಂಟಿಮೀಟರ್ ಪಕ್ಕಕ್ಕೆ ಸರಿದಿರುತ್ತದೆ, ಎರಡು ಮೀಟರ್‌ಗೆ 3.5. ಒಂಬತ್ತು ಅಡಿ ಟೇಬಲ್ಲಿನ ಆಟದ ಅಂಗಳ 254 ಸೆಂಟಿಮೀಟರ್ ಉದ್ದ, ಚೆಂಡಿನ ಅಡ್ಡಳತೆ 5.7 ಸೆಂಟಿಮೀಟರ್, ಮೂಲೆಯ ಪಾಕೆಟ್ಟಿನ ಬಾಯಿ ಅದರ ಎರಡು ಪಟ್ಟಿನಷ್ಟು. ಅಂಥ ಲೆಕ್ಕಾಚಾರದ ಆಟದಲ್ಲಿ ಹೆಬ್ಬೆರಳಿನ ಬುಡದಲ್ಲಿ ಕ್ಯೂ ಕಚ್ಚಿಕೊಳ್ಳುವುದು ಸಣ್ಣ ಸಂಗತಿಯಲ್ಲ.

ಬೆವರು ಎಣ್ಣೆಯ ಹಾಗೆ ಜಾರಿಸಬೇಕಲ್ಲವೇ, ಅಂಟಿಸುವುದೇಕೆ ಎಂಬ ಪ್ರಶ್ನೆ ಇಲ್ಲಿ ಏಳುತ್ತದೆ. ಚರ್ಮದ ಘರ್ಷಣೆಯನ್ನು ಅಳೆದವರು ಕಂಡುಕೊಂಡಿರುವುದು ಕುತೂಹಲದ ವಿಷಯ: ಪೂರ್ತಿ ಒಣಗಿದ ಚರ್ಮ ಸಾಕಷ್ಟು ಜಾರುತ್ತದೆ, ನೀರು ತೊಟ್ಟಿಕ್ಕುವ ಚರ್ಮವೂ ಜಾರುತ್ತದೆ, ಇವೆರಡರ ನಡುವಿನ ಬರಿಯ ತೇವದ ಸ್ಥಿತಿಯಲ್ಲೇ ಘರ್ಷಣೆ ಅತ್ಯಧಿಕ. ತೇವ ತಾಗಿದ ಹೊರಚರ್ಮ ಮೆತ್ತಗಾಗಿ, ಎದುರಿನ ವಸ್ತುವಿಗೆ ಹೆಚ್ಚು ಜಾಗದಲ್ಲಿ ಒತ್ತಿ ಕೂರುತ್ತದೆ. ಒಣ ಬೆರಳಿಗೆ ಹೋಲಿಸಿದರೆ ಎಳೆತ ಎರಡು ಪಟ್ಟಿಗಿಂತ ಹೆಚ್ಚಾಗಬಲ್ಲದು. ನೋಟು ಎಣಿಸುವವರು ಬೆರಳನ್ನು ಒದ್ದೆ ಸ್ಪಂಜಿಗೆ ಒತ್ತುವುದು ಇದೇ ಕಾರಣಕ್ಕೆ. ಅಂಗೈ ಬೆವರುವ ಬಗೆಯೂ ಬೇರೆ. ಬೆನ್ನು, ಹಣೆ ಬೆವರುವುದು ಮುಖ್ಯವಾಗಿ ಸೆಕೆಗೆ. ಅಂಗೈ ಅಂಗಾಲುಗಳ ಬೆವರು ಗ್ರಂಥಿಗಳನ್ನು ಹೆಚ್ಚಾಗಿ ಕೆರಳಿಸುವುದು ಮನಸ್ಸಿನ ಆತಂಕ. ಸುಳ್ಳು ಪತ್ತೆ ಯಂತ್ರದ ತಂತಿಗಳನ್ನು ಬೆರಳಿಗೆ ಕಟ್ಟುವುದು ಅದನ್ನು ನಂಬಿಯೇ. ಆದ್ದರಿಂದ ಹವಾನಿಯಂತ್ರಿತ ಕೋಣೆಯಲ್ಲೂ ಎಂಟನೇ ಚೆಂಡು ಮಾತ್ರ ಉಳಿದಾಗ ಅಂಗೈ ತೇವಗೊಳ್ಳುತ್ತದೆ. ಗಂಡಾಂತರದ ಹೊತ್ತಿನಲ್ಲಿ ಕೊಂಬೆಯನ್ನೋ ಕೋಲನ್ನೋ ಗಟ್ಟಿಯಾಗಿ ಹಿಡಿಯಲು ದೇಹ ಮಾಡಿಕೊಂಡ ಏರ್ಪಾಡು ಇದಿರಬಹುದು ಎಂಬುದು ಒಂದು ವಿವರಣೆ. ಹಾಗಿದ್ದರೆ ಹಿಂದಿನ ಕೈಗೆ ದೇಹ ಉಪಕಾರ ಮಾಡುತ್ತಿದೆ, ಮುಂದಿನ ಕೈಗೆ ಅಪಕಾರ.

ಎಣ್ಣೆಯ ಕಥೆ ಇನ್ನೊಂದು. ಅಂಗೈಯಲ್ಲಿ ಬೆವರು ಗ್ರಂಥಿಗಳು ದಟ್ಟವಾಗಿವೆ, ಎಣ್ಣೆ ಗ್ರಂಥಿಗಳು ಇಲ್ಲವೇ ಇಲ್ಲ. ಅಂಗೈಯಲ್ಲಿ ಜಿಡ್ಡಿದ್ದರೆ ಅದು ಬೇರೆ ಕಡೆಯಿಂದ ಬಂದದ್ದು: ಮುಖ ಸವರಿಕೊಂಡದ್ದು, ತಲೆಗೂದಲಲ್ಲಿ ಬೆರಳಾಡಿಸಿದ್ದು, ಮೊಬೈಲ್ ಪರದೆ, ಆಟದ ನಡುವೆ ಬಾಯಿಗೆ ಹಾಕಿಕೊಂಡ ಚಿಪ್ಸು, ಮೆಣಸಿನಕಾಯಿ ಬಜ್ಜಿ. ಈ ಜಿಡ್ಡು ಬೆವರಿನೊಡನೆ ಸೇರಿ ಕ್ಯೂವಿನ ಮರಕ್ಕೆ ಇಳಿಯುತ್ತದೆ. ಪೂಲ್ ಕ್ಯೂಗಳ ಮುಂಭಾಗ ಸಾಮಾನ್ಯವಾಗಿ ಮೇಪಲ್ ಮರದ್ದು, ಸ್ನೂಕರ್ ಕ್ಯೂಗಳದ್ದು ಹೆಚ್ಚಾಗಿ ಆ್ಯಶ್. ಎರಡರಲ್ಲೂ ಸೂಕ್ಷ್ಮ ರಂಧ್ರಗಳಿವೆ. ತುದಿಗೆ ಹಚ್ಚಿದ ಚಾಕ್ ಪುಡಿ ಉದುರಿ ಆ ಜಿಡ್ಡಿಗೆ ಅಂಟುತ್ತದೆ, ಹಿಂದಿನವರು ಹಾಕಿದ ಪೌಡರ್ ಅದಕ್ಕೆ ಸೇರುತ್ತದೆ, ದಿನ ಕಳೆದಂತೆ ಒಂದು ತೆಳ್ಳನೆಯ ಮೇಣದಂಥ ಲೇಪ ಕೂರುತ್ತದೆ. ಪಾರ್ಲರ್‌ನ ಕ್ಯೂ ದಿನಕ್ಕೆ ಹತ್ತಾರು ಕೈ ಬದಲಾಯಿಸುತ್ತದೆ. ಅಂಥ ಕ್ಯೂ ಕೈಯಲ್ಲಿ ಅಂಟಿದಾಗ ನನ್ನ ಕೈ ಬೆವರುತ್ತಿದೆ ಎಂದುಕೊಳ್ಳುವುದು ಸಹಜ. ತಪ್ಪು ಹಲವು ಸಲ ಕ್ಯೂವಿನದು.

ಹಾಗಾಗಿ ಮೊದಲ ಮದ್ದು ನೀರು, ಸಾಬೂನು. ಎಣ್ಣೆಯನ್ನು ಬರಿಯ ನೀರು ಬಿಡಿಸುವುದಿಲ್ಲ, ಸಾಬೂನು ಬೇಕೇ ಬೇಕು. ತೊಳೆದ ಮೇಲೆ ಒಣ ಟವೆಲ್ಲಿನಲ್ಲಿ ಬೆರಳ ಸಂದಿಗಳವರೆಗೆ ಒರೆಸಿ ಒಂದು ನಿಮಿಷ ಗಾಳಿಗೆ ಬಿಡಬೇಕು. ಪ್ಯಾಂಟಿಗೆ ಕೈ ಒರೆಸಿಕೊಂಡು ನೇರವಾಗಿ ಟೇಬಲ್ಲಿಗೆ ಬಂದರೆ, ಮೇಲೆ ಹೇಳಿದ ತೇವದ ಸ್ಥಿತಿಯನ್ನು ತಾವಾಗಿಯೇ ತಂದುಕೊಂಡಂತೆ. ಕೈ ತೊಳೆದರೆ ಇನ್ನೂ ಅಂಟುತ್ತದೆ ಎಂದು ದೂರುವವರು ಎಡವುವುದು ಇಲ್ಲೇ. ಕ್ಯೂಗೆ ಬಟ್ಟೆಯನ್ನು ಚೆನ್ನಾಗಿ ಹಿಂಡಿ, ಬರೀ ಪಸೆಯಿರುವಂತೆ ಮಾಡಿ ಒರೆಸಬೇಕು, ತಕ್ಷಣ ಒಣಬಟ್ಟೆಯಲ್ಲಿ ಬಿಸಿಯಾಗುವಷ್ಟು ಉಜ್ಜಬೇಕು. ನೀರು ನಿಂತರೆ ಮರದ ನಾರು ಎದ್ದು ಒರಟಾಗುತ್ತದೆ. ಇದೆಲ್ಲ ಯಾರಿಗೆ ಬೇಕು ಎಂದು ಮರಳು ಕಾಗದ ತೆಗೆದುಕೊಂಡು ತಿಕ್ಕುವವರೂ ಇದ್ದಾರೆ. ಕೊಳೆಯೇನೋ ಹೋಗುತ್ತದೆ, ಪ್ರತಿ ಸಲವೂ ಜೊತೆಗೆ ಒಂದಿಷ್ಟು ಮರವೂ ಹೋಗುತ್ತದೆ. ಕ್ಯೂ ಮುಂದೆ ಸಣ್ಣಗಾಗುತ್ತಾ ಬಂದು, ಹೊಡೆದಾಗ ಬಳುಕುವ ರೀತಿಯೇ ಬದಲಾಗುತ್ತದೆ. ಸ್ವಂತ ಕ್ಯೂ ಇದ್ದವರು ಆಟದ ಕೊನೆಯಲ್ಲಿ ಒಮ್ಮೆ ಒರೆಸಿಟ್ಟರೆ ಈ ಪಾಡೇ ಇಲ್ಲ. ಈಚೆಗೆ ಬಂದಿರುವ ಕಾರ್ಬನ್ ಫೈಬರ್ ಕ್ಯೂಗಳು ಜಿಡ್ಡನ್ನು ಒಳಗೆ ಹೀರುವುದಿಲ್ಲ, ಒರೆಸಿದರೆ ಸಾಕು. ಬೆಲೆ ಕೇಳಿದರೆ ಮಾತ್ರ ಕೈ ಮತ್ತೆ ಬೆವರೀತು.

ಪೌಡರ್ ಕೆಲಸವನ್ನೇ ಮಾಡುವುದಿಲ್ಲ ಎಂದರೆ ಅದು ಸುಳ್ಳಾಗುತ್ತದೆ. ಟಾಲ್ಕ್ ಒಂದು ಖನಿಜ, ಮೆಗ್ನೀಷಿಯಂ ಸಿಲಿಕೇಟ್. ಖನಿಜಗಳ ಗಡಸುತನವನ್ನು ಒಂದರಿಂದ ಹತ್ತರವರೆಗೆ ಅಳೆಯುವ ಮೋಸ್ ಮಾನದಲ್ಲಿ ಅದಕ್ಕೆ ಮೊಟ್ಟಮೊದಲ, ಎಂದರೆ ಅತಿ ಮೃದುವಿನ ಸ್ಥಾನ. ಅದರ ಕಣಗಳು ತೆಳುವಾದ ಹಾಳೆಗಳ ಅಟ್ಟಿ, ಒತ್ತಿದರೆ ಹಾಳೆಗಳು ಒಂದರ ಮೇಲೊಂದು ಸರಿಯುತ್ತವೆ. ನುಣುಪು ಬರುವುದು ಅಲ್ಲಿಂದ. ಒಣಗಿದ ಕೈಗೆ ಚಿಟಿಕೆಯಷ್ಟು ಹಚ್ಚಿ ಉಜ್ಜಿದರೆ ಕ್ಯೂ ನಿಜಕ್ಕೂ ಸಲೀಸಾಗಿ ಓಡುತ್ತದೆ. ಆದರೆ ಈ ನುಣುಪು ಉಳಿಯುವುದು ಹಾಳೆಗಳು ಬಿಡಿಬಿಡಿಯಾಗಿರುವವರೆಗೆ. ಬೆವರು ಸೇರಿದೊಡನೆ ಪುಡಿ ಮುದ್ದೆಯಾಗಿ ಬೆರಳ ಗೆರೆಗಳಲ್ಲಿ ಕೂರುತ್ತದೆ, ಅಂಟು ಮೊದಲಿಗಿಂತ ಹೆಚ್ಚಾಗುತ್ತದೆ. ಆಟಗಾರ ಮತ್ತೆ ಡಬ್ಬಿ ಅಲ್ಲಾಡಿಸುತ್ತಾನೆ. ಚರ್ಮ ಹಿಡಿದಿಟ್ಟುಕೊಳ್ಳುವುದು ಬಹಳ ಸ್ವಲ್ಪ. ಮಿಕ್ಕದ್ದೆಲ್ಲ ಟೇಬಲ್ಲಿನ ಪಾಲು.

ಆ ಪಾಲು ಎಲ್ಲಿಗೆ ಹೋಗುತ್ತದೆಂದು ಹಿಂಬಾಲಿಸಿ ನೋಡಿದರೆ ಶುಚಿಯ ಪ್ರಶ್ನೆ ಅಂದಚೆಂದದ್ದಲ್ಲ, ಆಟದ್ದೇ ಎಂದು ತಿಳಿಯುತ್ತದೆ. ಪೂಲ್ ಟೇಬಲ್ಲಿನ ಒಳ್ಳೆಯ ಬಟ್ಟೆ ಉಣ್ಣೆ ಮತ್ತು ನೈಲಾನ್ ಬೆರೆತದ್ದು, ಬಾಚಿ ನೇರಮಾಡಿದ ಉಣ್ಣೆಯ ಎಳೆಯಿಂದ ಬಿಗಿಯಾಗಿ ನೇಯ್ದದ್ದು, ಮೇಲೆ ರೋಮವಿರುವುದಿಲ್ಲ. ಬೆಲ್ಜಿಯಂನ ವೆರ್ವಿಯೇ ಪಟ್ಟಣದ ಸಿಮೊನಿಸ್ ಮನೆತನ 1680ರಿಂದ ಉಣ್ಣೆ ನೇಯುತ್ತಾ ಬಂದು ಈ ಬಗೆಯ ಬಟ್ಟೆಗೆ ಹೆಸರಾಗಿದೆ. ಸ್ನೂಕರ್ ಬಟ್ಟೆಗೆ ಒಂದೇ ದಿಕ್ಕಿಗೆ ಮಲಗಿದ ಸಣ್ಣ ರೋಮವಿರುತ್ತದೆ. ನೇಯ್ಗೆಯಾಗಲಿ ರೋಮವಾಗಲಿ, ಪುಡಿಗೆ ಅಡಗಲು ಎರಡರಲ್ಲೂ ಧಾರಾಳ ಜಾಗ. ಅಲ್ಲಿಂದ ಅದು ಉರುಳುವ ಚೆಂಡಿಗೆ ಮೆತ್ತುತ್ತದೆ. ಚೆಂಡುಗಳು ಫಿನಾಲಿಕ್ ಎಂಬ ಗಟ್ಟಿ ರಾಳದವು, ಗಾಜಿನಂತೆ ನುಣುಪು. ಎರಡು ಚೆಂಡುಗಳು ಒಂದಕ್ಕೊಂದು ತಾಗಿರುವುದು ಸೆಕೆಂಡಿನ ಸಾವಿರದ ಒಂದು ಭಾಗಕ್ಕೂ ಕಡಿಮೆ ಹೊತ್ತು. ಅಷ್ಟರಲ್ಲಿ ತಾಗಿದ ಬಿಂದುವಿನಲ್ಲಿ ಎಷ್ಟು ಘರ್ಷಣೆಯಿತ್ತೋ ಅಷ್ಟರ ಮಟ್ಟಿಗೆ ಎದುರಿನ ಚೆಂಡು ಪಕ್ಕಕ್ಕೆ ಎಳೆಯಲ್ಪಡುತ್ತದೆ. ಶುದ್ಧವಾದ ಚೆಂಡುಗಳಲ್ಲಿ ಈ ಎಳೆತ ಸಣ್ಣದು, ಅನುಭವಿ ಆಟಗಾರ ಅದನ್ನು ಲೆಕ್ಕಕ್ಕೆ ಹಿಡಿದೇ ಗುರಿಯಿಡುತ್ತಾನೆ. ನಡುವೆ ಒಂದು ಚಾಕ್ ಕಣ ಸಿಕ್ಕಿಕೊಂಡರೆ ಎಳೆತ ಏಕಾಏಕಿ ಏರುತ್ತದೆ, ಬಿಳಿ ಚೆಂಡು ಕುಪ್ಪಳಿಸಿದಂತಾಗುತ್ತದೆ, ಟಕ್ ಎನ್ನಬೇಕಾದ ಸದ್ದು ಮಂದವಾಗಿ ಕೇಳುತ್ತದೆ, ಸರಿಯಾಗಿ ಹೊಡೆದ ಚೆಂಡು ಪಾಕೆಟ್ಟಿನ ತುಟಿಗೆ ಬಡಿದು ಹೊರಗೆ ನಿಲ್ಲುತ್ತದೆ. ಸ್ನೂಕರ್‌ನವರು ಇದನ್ನು ಕಿಕ್ ಎನ್ನುತ್ತಾರೆ. ದೊಡ್ಡ ಪಂದ್ಯಗಳಲ್ಲಿ ರೆಫರಿ ಬಿಳಿ ಕೈಗವಸು ತೊಟ್ಟು ಚೆಂಡು ಮುಟ್ಟುವುದು, ಆಟಗಾರ ಕೇಳಿಕೊಂಡಾಗ ಚೆಂಡನ್ನು ಎತ್ತಿ ಒರೆಸಿಕೊಡುವುದು ಬರೀ ಠೀವಿಗಲ್ಲ. ಅಲ್ಲಿ ಬೆರಳಿನ ಜಿಡ್ಡಿಗೂ ಪ್ರವೇಶವಿಲ್ಲ.

ಇಲ್ಲೇ ಚುರುಕು ಓದುಗರು ಪಾಟೀಸವಾಲು ಹಾಕುತ್ತಾರೆ: ಕಿಕ್‌ಗೆ ಮುಖ್ಯ ಆರೋಪಿ ಚಾಕ್ ಅಲ್ಲವೇ, ಪೌಡರ್ ಮೇಲೇಕೆ ಕೋಪ? ಒಪ್ಪಬೇಕಾದ ಮಾತು. ಟೇಬಲ್ಲಿನ ಮೇಲಿನ ದೊಡ್ಡ ಕೊಳೆ ಚಾಕಿನದೇ. ನಾವು ಚಾಕ್ ಎನ್ನುವ ಆ ನೀಲಿ ಘನದಲ್ಲಿ ಶಾಲೆಯ ಸೀಮೆಸುಣ್ಣದ ಅಂಶ ಹುಡುಕಿದರೆ ಸಿಗುವುದು ಕಷ್ಟ. ಹತ್ತೊಂಬತ್ತನೇ ಶತಮಾನದ ಮೊದಲ ದಶಕಗಳಲ್ಲಿ ಫ್ರಾನ್ಸಿನ ಫ್ರಾಂಸ್ವಾ ಮಿಂಗೋ ಕ್ಯೂ ತುದಿಗೆ ಚರ್ಮದ ಬಿಲ್ಲೆ ಕೂರಿಸಿದ ಮೇಲೆ, ಇಂಗ್ಲೆಂಡಿನ ಬಾತ್ ಪಟ್ಟಣದ ಜ್ಯಾಕ್ ಕಾರ್ ತಿರುಗಣೆ ಹೊಡೆತಕ್ಕೆ ಬೇಕಾದ ಮಾಂತ್ರಿಕ ಪುಡಿಯೆಂದು ಸೀಮೆಸುಣ್ಣವನ್ನೇ ಮಾರಿ ಹಣ ಮಾಡಿಕೊಂಡದ್ದುಂಟು. 1897ರಲ್ಲಿ ಅಮೆರಿಕದ ಬಿಲಿಯರ್ಡ್ಸ್ ಆಟಗಾರ ವಿಲಿಯಂ ಸ್ಪಿಂಕ್ಸ್ ಮತ್ತು ಷಿಕಾಗೋದ ರಸಾಯನ ತಜ್ಞ ವಿಲಿಯಂ ಹಾಸ್ಕಿನ್ಸ್ ಸೇರಿ ಪಡೆದ ಪೇಟೆಂಟಿನಿಂದ ಈಗಿನ ಚಾಕ್ ಹುಟ್ಟಿತು. ಅದರ ಬಲವಿರುವುದು ಸಿಲಿಕಾ ಮತ್ತು ಕುರಂದದಂಥ ಗಡಸು ಕಣಗಳಲ್ಲಿ. ಮೋಸ್ ಮಾನದಲ್ಲಿ ಸಿಲಿಕಾ 7, ಕುರಂದ 9. ಟಾಲ್ಕ್ 1 ಎಂಬುದು ನೆನಪಿರಲಿ. ಬಟ್ಟೆಯ ಎಳೆ ಸವೆಸುವುದರಲ್ಲಿ, ಚೆಂಡಿನ ಹೊಳಪು ಕೆಡಿಸುವುದರಲ್ಲಿ ಚಾಕಿನ ಮುಂದೆ ಟಾಲ್ಕ್ ಸಾಧು ಪ್ರಾಣಿ.

ಆದರೂ ಎರಡನ್ನೂ ಒಂದೇ ತಕ್ಕಡಿಯಲ್ಲಿ ಇಡಲಾಗದು. ಚಾಕ್ ಇಲ್ಲದೆ ಈ ಆಟವೇ ಇಲ್ಲ. ಚೆಂಡಿನ ನಡುವಿನಿಂದ ಅದರ ತ್ರಿಜ್ಯದ ಅರ್ಧದಷ್ಟು ದೂರದವರೆಗೆ, ಎಂದರೆ ಸುಮಾರು 14 ಮಿಲಿಮೀಟರ್ ಪಕ್ಕಕ್ಕೆ, ಚೆನ್ನಾಗಿ ಚಾಕ್ ಹಚ್ಚಿದ ತುದಿ ಜಾರದೆ ಹೊಡೆಯಬಲ್ಲದು. ಚಾಕ್ ಇಲ್ಲದಿದ್ದರೆ ಅದರ ಹತ್ತಿರಕ್ಕೂ ಹೋಗುವ ಮೊದಲೇ ಕ್ಯೂ ಜಾರಿ ಹೊಡೆತ ಎಡವಟ್ಟಾಗುತ್ತದೆ. ಪೌಡರ್ ಇಲ್ಲದೆ ಆಡಬಹುದು, ಪೌಡರ್ ಬಿಟ್ಟು ಬೇರೆ ದಾರಿಗಳೂ ಇವೆ. ಬೇಕೇ ಬೇಕಾದ ಕೊಳೆಯನ್ನು ಕಡಿಮೆ ಮಾಡಿಕೊಳ್ಳುವುದು, ಬೇಡದ ಕೊಳೆಯನ್ನು ಸೇರಿಸದಿರುವುದು ಎರಡೂ ಬೇಕು. ಇನ್ನೊಂದು ವ್ಯತ್ಯಾಸ, ಪೌಡರ್ ಬೀಳುವುದು ಬೆವರಿನ ಜೊತೆ. ತೇವದ ಅಂಗೈ ಬಟ್ಟೆಯ ಮೇಲೆ ಒತ್ತಿದ ಜಾಗದಲ್ಲಿ ಪುಡಿ ಮುದ್ದೆಯಾಗಿ ಕೂರುತ್ತದೆ, ಹಾರಿಹೋಗಬೇಕಾದ ಚಾಕ್ ಧೂಳನ್ನೂ ಹಿಡಿದಿಟ್ಟುಕೊಳ್ಳುತ್ತದೆ. ಚಾಕ್ ವಿಷಯದಲ್ಲಿ ಸರಿಪಡಿಸಿಕೊಳ್ಳಬೇಕಾದ್ದು ಬಹಳವೇನಿಲ್ಲ. ಟೇಬಲ್ಲಿನಿಂದ ಒಂದು ಹೆಜ್ಜೆ ಹಿಂದೆ ನಿಂತು ನೆಲದ ಕಡೆಗೆ ಹಚ್ಚಬೇಕು. ಘನವನ್ನು ತಿರುಪಿದಂತೆ ಗಿರಗಿರ ತಿರುಗಿಸದೆ ಕುಂಚದಂತೆ ಸವರಬೇಕು. ಅಂಚಿನ ಮೇಲೆ ಇಡುವಾಗ ಹಚ್ಚುವ ಮುಖ ಮೇಲಿರಬೇಕು. ತುದಿಗೆ ಅಂಟಿ ನಿಲ್ಲುವ, ಕಡಿಮೆ ಉದುರುವ ಚಾಕ್‌ಗಳೂ ಈಗ ಬಂದಿವೆ. ಫಿನ್ಲೆಂಡಿನ ಟಾವೋಮ್ ಕಿಕ್ ತಗ್ಗಿಸುತ್ತದೆಂದೇ ವೃತ್ತಿಪರ ಸ್ನೂಕರ್ ಆಟಗಾರರಲ್ಲಿ ಜನಪ್ರಿಯವಾಯಿತು.

ನಿಯಮ ಪುಸ್ತಕದ ಆಧಾರ ಕೊಡುವವರೂ ಉಂಟು. ವಿಶ್ವ ಪೂಲ್ ಬಿಲಿಯರ್ಡ್ ಸಂಘದ ನಿಯಮಗಳು ಪೌಡರ್ ಬಳಕೆಗೆ ಅವಕಾಶ ಕೊಡುತ್ತವೆ, ನಿಜ. ಆದರೆ ಎಷ್ಟು? ರೆಫರಿ ಒಪ್ಪುವಂಥ ಮಿತವಾದ ಪ್ರಮಾಣದಲ್ಲಿ. ಅದೇ ನಿಯಮಗಳು ಒಂದು ಕೈಗಾಗಲಿ ಎರಡೂ ಕೈಗಾಗಲಿ ಗವಸು ತೊಡಲು ಅಂಥ ಯಾವ ಮಿತಿಯನ್ನೂ ಹೇಳದೆ ಒಪ್ಪುತ್ತವೆ. ಚಾಕ್ ಕೂಡ ಬಟ್ಟೆಯ ಬಣ್ಣಕ್ಕೆ ಹೊಂದುವಂತಿರಬೇಕು ಎನ್ನುತ್ತವೆ. ನಿಯಮ ಬರೆದವರ ಕಣ್ಣು ಟೇಬಲ್ಲಿನ ಮೇಲಿತ್ತು ಎಂಬುದಕ್ಕೆ ಇಷ್ಟು ಸಾಕು. ಪಾರ್ಲರ್‌ನಲ್ಲಿ ರೆಫರಿ ಇರುವುದಿಲ್ಲ, ಮಿತ ಎಷ್ಟೆಂದು ಹೇಳುವವರೂ ಇಲ್ಲ. ಎಲ್ಲೋ ಪಾರ್ಲರ್ ಮಾಲೀಕ ಮಾತ್ರ ತಿಂಗಳ ಕೊನೆಯಲ್ಲಿ ಬಟ್ಟೆ ನೋಡಿ ಹಲ್ಲು ಕಡಿಯುತ್ತಾನೆ.

ಕೈಗವಸಿನ ವಿಷಯಕ್ಕೆ ಬಂದರೆ ನಮ್ಮಲ್ಲಿ ತುಸು ಸಂಕೋಚವಿದೆ. ಗವಸು ತೊಟ್ಟು ಬಂದವನನ್ನು ಚಾಂಪಿಯನ್ ಬಂದ ಎಂದು ಛೇಡಿಸುವುದು ವಾಡಿಕೆ. ವಸ್ತುಸ್ಥಿತಿ ನೋಡಿದರೆ ಅದು ಹೆಬ್ಬೆರಳು, ತೋರುಬೆರಳು, ನಡುಬೆರಳು ಮುಚ್ಚುವ ಹಿಗ್ಗುವ ಬಟ್ಟೆಯ ತುಂಡು. ಬೆವರನ್ನು ಒಳಗೆ ಹೀರುತ್ತದೆ, ಹೊರಮೈ ಎಲ್ಲ ಹೊತ್ತೂ ಒಂದೇ ಸಮ ಜಾರುತ್ತದೆ, ಟೇಬಲ್ಲಿಗೆ ಏನನ್ನೂ ಬಿಡುವುದಿಲ್ಲ. ಮೂರು ಕುಷನ್ ಕ್ಯಾರಂ ಬಿಲಿಯರ್ಡ್ಸಿನ ಅಗ್ರ ಆಟಗಾರರ ಕೈಯಲ್ಲಿ ಗವಸು ಸಾಮಾನ್ಯ ದೃಶ್ಯ. ಬೆರಳಿಗೆ ಕ್ಯೂವಿನ ಸ್ಪರ್ಶ ತಪ್ಪಿಹೋಗುತ್ತದೆ ಎಂಬ ಆಕ್ಷೇಪದಲ್ಲಿ ಸ್ವಲ್ಪ ಹುರುಳಿದೆ. ಆದರೆ ಹೊಡೆತದ ಬಲವನ್ನೂ ಲಯವನ್ನೂ ಅಳೆಯುವುದು ಬಹುಪಾಲು ಹಿಂದಿನ ಕೈ, ಅದರ ಮೇಲೆ ಗವಸಿಲ್ಲ. ಸ್ನೂಕರ್ ಆಟಗಾರರು ಗವಸನ್ನೂ ಪೌಡರನ್ನೂ ಬಳಸುವುದು ಅಪರೂಪವಲ್ಲವೇ ಎಂದು ಕೇಳಿದರೆ, ಹೌದು, ಅದರಲ್ಲೊಂದು ಪಾಠವಿದೆ. ಅವರು ತೋರುಬೆರಳನ್ನು ಕ್ಯೂ ಸುತ್ತ ಉಂಗುರ ಮಾಡುವುದಿಲ್ಲ. ಅಂಗೈ ಊರಿ ಹೆಬ್ಬೆರಳನ್ನೆತ್ತಿ, ತೋರುಬೆರಳಿನ ಗೆಣ್ಣಿನ ಪಕ್ಕ ಆಗುವ ಕಣಿವೆಯಲ್ಲಿ ಕ್ಯೂ ಇಡುತ್ತಾರೆ. ಉಂಗುರದ ಬ್ರಿಡ್ಜಿನಲ್ಲಿ ಚರ್ಮ ಸುತ್ತಲೂ ಕ್ಯೂವನ್ನು ತಬ್ಬುತ್ತದೆ, ಕಣಿವೆಯಲ್ಲಿ ಎರಡು ಕಿರಿದಾದ ಗೆರೆಗಳಲ್ಲಿ ಮಾತ್ರ ತಾಗುತ್ತದೆ. ತಾಗುವ ಜಾಗ ಕಡಿಮೆಯಾದಷ್ಟು ಅಂಟೂ ಕಡಿಮೆ. ಜೋರಾದ ಬ್ರೇಕಿಗೋ ಭಾರಿ ತಿರುಗಣೆಗೋ ಉಂಗುರ ಬೇಕಾದೀತು. ಮಿಕ್ಕ ಹೆಚ್ಚಿನ ಹೊಡೆತಗಳಿಗೆ ತೆರೆದ ಬ್ರಿಡ್ಜ್ ಸಾಕು, ದುಡ್ಡೂ ಖರ್ಚಿಲ್ಲ. ಪೂಲ್ ಎಂದರೆ ಉಂಗುರವೇ ಎಂದು ಕಲಿಸುವವರು ಇದನ್ನು ಒಮ್ಮೆ ಯೋಚಿಸಬೇಕು.

ಇಂಗ್ಲೆಂಡಿನ ಚಳಿಗೆ ಇದೆಲ್ಲ ಸರಿ, ಮಂಗಳೂರಿನ ಜುಲೈಗೆ? ನ್ಯಾಯವಾದ ಪ್ರಶ್ನೆ. ಕರಾವಳಿಯಲ್ಲಿ ಮಳೆಗಾಲದ ಗಾಳಿಯ ತೇವಾಂಶ ಶೇಕಡ 80ರ ಆಚೆಗೇ ಇರುತ್ತದೆ, ತೊಳೆದ ಕೈ ಹತ್ತು ನಿಮಿಷಕ್ಕೆ ಮತ್ತೆ ಪಸೆಯಾಡುತ್ತದೆ. ಆದರೆ ಅಲ್ಲಿ ಬೆವರುವುದು ಕೈಯೊಂದೇ ಅಲ್ಲ. ಉಣ್ಣೆ ತನ್ನ ತೂಕದ ಶೇಕಡ 30ರಷ್ಟು ನೀರನ್ನು ಮುಟ್ಟಿದವರಿಗೆ ಒದ್ದೆಯೆನಿಸದಂತೆ ಹೀರಿಕೊಳ್ಳಬಲ್ಲದು. ಅಂಥ ಬಟ್ಟೆಯ ಮೇಲೆ ಚೆಂಡಿನ ಓಟ ಭಾರವಾಗುತ್ತದೆ, ಕುಷನ್ನಿಗೆ ಬಡಿದು ಮರಳುವ ಕೋನವೂ ಬದಲಾಗುತ್ತದೆ. ದೊಡ್ಡ ಸ್ನೂಕರ್ ಪಂದ್ಯಗಳಲ್ಲಿ ಸ್ಲೇಟು ಕಲ್ಲಿನ ಕೆಳಗೆ ಹೀಟರ್ ಇಟ್ಟು ಬಟ್ಟೆಯನ್ನು ಒಣಗಿಸಿಡುವುದು ಈ ಕಾರಣಕ್ಕೆ. ಸ್ನೂಕರ್ ಹುಟ್ಟಿದ್ದೇ ನಮ್ಮ ಮಳೆಗಾಲದಲ್ಲಿ, 1875ರಲ್ಲಿ ಜಬಲ್ಪುರದ ಸೇನಾ ಶಿಬಿರದಲ್ಲಿ ನೆವಿಲ್ ಚೇಂಬರ್ಲೇನ್ ಎಂಬ ಅಧಿಕಾರಿಯ ಕೈಯಲ್ಲಿ ಎಂದು ಆಟದ ಚರಿತ್ರೆ ಹೇಳುತ್ತದೆ. ಆ ಟೇಬಲ್ಲಿನ ಬಟ್ಟೆ ಎಷ್ಟು ಭಾರವಾಗಿತ್ತೋ. ಒದ್ದೆ ಹವೆಯಲ್ಲಿ ಪುಡಿ ಹಾಕುವುದು ಹೆಚ್ಚು ಸಮರ್ಥನೀಯ ಎನಿಸಬಹುದು, ವಾಸ್ತವ ಬೇರೆ: ಹವೆ ಒದ್ದೆಯಾದಷ್ಟೂ ಪುಡಿ ಬೇಗ ಮುದ್ದೆಯಾಗುತ್ತದೆ, ಬಟ್ಟೆಯಿಂದ ತೆಗೆಯುವುದೂ ಕಷ್ಟ. ಕರಾವಳಿಯ ಪಾರ್ಲರ್‌ಗೆ ಬೇಕಾದದ್ದು ತೇವ ಹೀರುವ ಯಂತ್ರ ಅಥವಾ ಏಸಿ, ಆಟಗಾರನಿಗೆ ಬೇಕಾದದ್ದು ಗವಸು, ಇಲ್ಲವೇ ಸೊಂಟಕ್ಕೆ ಸಿಕ್ಕಿಸಿಕೊಂಡ ಒಣ ಟವೆಲ್. ಅಷ್ಟಾಗಿಯೂ ಪೌಡರ್ ಬೇಕೆಂದರೆ ತೊಳೆದು ಒಣಗಿಸಿದ ಮುಂದಿನ ಕೈಗೆ ಮಾತ್ರ, ಚಿಟಿಕೆಯಷ್ಟು, ಟೇಬಲ್ಲಿನಿಂದ ದೂರದಲ್ಲಿ, ಬಿಳುಪು ಕಾಣದಷ್ಟು ಉಜ್ಜಿ, ಮಿಕ್ಕದ್ದನ್ನು ಕಸದ ಬುಟ್ಟಿಯ ಮೇಲೆ ಕೊಡವಿ. ಕಣ್ಣಿಗೆ ಕಾಣುವಷ್ಟು ಪೌಡರ್ ಇದ್ದರೆ ಅದು ಹೆಚ್ಚಾಯಿತೆಂದೇ ಲೆಕ್ಕ.

ಆರೋಗ್ಯದ ಮಾತನ್ನು ಹೆದರಿಸಲು ಹೇಳುತ್ತಿಲ್ಲ, ತೂಗಿ ನೋಡಲು ಹೇಳುವುದು. ವಿಶ್ವ ಆರೋಗ್ಯ ಸಂಸ್ಥೆಯ ಅಂಗವಾದ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2024ರ ಜುಲೈನಲ್ಲಿ ಟಾಲ್ಕನ್ನು ಬಹುಶಃ ಕ್ಯಾನ್ಸರ್‌ಕಾರಕವೆಂಬ ವರ್ಗಕ್ಕೆ ಸೇರಿಸಿತು. ಆ ವರ್ಗೀಕರಣ ಪುರಾವೆ ಎಷ್ಟು ಗಟ್ಟಿಯೆಂದು ಹೇಳುತ್ತದೆಯೇ ಹೊರತು ಕೈಗೆ ಹಚ್ಚಿದ ಚಿಟಿಕೆಯಿಂದ ಎಷ್ಟು ಅಪಾಯವೆಂದು ಹೇಳುವುದಿಲ್ಲ. ಆದರೂ ಕಿಟಕಿ ಮುಚ್ಚಿದ ಏಸಿ ಕೋಣೆಯಲ್ಲಿ ದಿನವಿಡೀ ಹಾರಾಡುವ ಪುಡಿಯನ್ನು ಹೆಚ್ಚು ಉಸಿರಾಡುವವನು ಗಂಟೆ ಲೆಕ್ಕದಲ್ಲಿ ಬಂದುಹೋಗುವ ಆಟಗಾರನಲ್ಲ, ಅಲ್ಲೇ ದುಡಿಯುವ ಹುಡುಗ. ಚಾಕ್ ಕೂಡ ನಿರಪಾಯವೆಂದು ತಿಳಿಯಬೇಕಿಲ್ಲ: 1996ರಲ್ಲಿ ಅಮೆರಿಕದ ವೈದ್ಯರು ಕೆಲವು ಚಾಕ್‌ಗಳಲ್ಲಿ ಸೀಸದ ಅಂಶ ಹೆಚ್ಚಿರುವುದನ್ನು ಕಂಡು ಮಕ್ಕಳ ವೈದ್ಯಶಾಸ್ತ್ರದ ಪತ್ರಿಕೆಯಲ್ಲಿ ಬರೆದಿದ್ದರು. ಆಟದ ನಡುವೆ ತಿಂಡಿ ತಿನ್ನುವವರು ಮೊದಲೂ ಕೈ ತೊಳೆಯಬೇಕು, ಆಮೇಲೂ ತೊಳೆಯಬೇಕು. ಮೊದಲನೆಯದು ಹೊಟ್ಟೆಗಾಗಿ, ಎರಡನೆಯದು ಕ್ಯೂಗಾಗಿ.

ಇಷ್ಟು ಸರಳವಾದದ್ದನ್ನು ಜನ ಏಕೆ ಮಾಡುವುದಿಲ್ಲ ಎಂಬುದಕ್ಕೆ ಸೋಮಾರಿತನಕ್ಕಿಂತ ಗಟ್ಟಿಯಾದ ಕಾರಣವೊಂದಿದೆ. ಪಾರ್ಲರ್‌ನಲ್ಲಿ ಹಣ ಕೊಡುವುದು ಗಂಟೆಗೆ. ನಲ್ಲಿ ಹುಡುಕಿಕೊಂಡು ಹೋಗುವ ಪ್ರತಿ ನಿಮಿಷಕ್ಕೂ ಮೀಟರ್ ಓಡುತ್ತಿರುತ್ತದೆ, ಪೌಡರ್ ಡಬ್ಬಿ ಪಕ್ಕದಲ್ಲೇ ಇರುತ್ತದೆ. ಪೌಡರ್ ಆಟಗಾರನ ಸಮಯ ಉಳಿಸುತ್ತದೆ, ಆದರೆ ಆ ಉಳಿತಾಯದ ಬೆಲೆ ತೆರುವವನು ಮುಂದೆ ಆಡುವವನು ಮತ್ತು ಬಟ್ಟೆ ಬದಲಾಯಿಸುವವನು. ಪೂಲ್ ಬಟ್ಟೆಗೆ ಮೆದು ಬ್ರಷ್ ಕೂರಿಸಿದ ವ್ಯಾಕ್ಯೂಮ್ ಹಿಡಿಯಬೇಕು; ಸ್ನೂಕರ್ ಬಟ್ಟೆಯನ್ನು ರೋಮ ಮಲಗಿದ ದಿಕ್ಕಿಗೇ ಬ್ರಷ್ ಮಾಡಿ ಹದವಾದ ಬಿಸಿಯಲ್ಲಿ ಇಸ್ತ್ರಿ ಹಾಕಬೇಕು. ಚೆಂಡುಗಳನ್ನು ಉಗುರುಬೆಚ್ಚಗಿನ ನೀರಿನಲ್ಲಿ ತುಸು ಸಾಬೂನು ಹಾಕಿ ತೊಳೆದು ಒರೆಸಬೇಕು. ಕೊಳಕು ಚೆಂಡನ್ನು ಶುಚಿಮಾಡಿದ ಬಟ್ಟೆಯ ಮೇಲೆ ಉರುಳಿಸಿದರೆ ಬಟ್ಟೆ ಶುಚಿಮಾಡಿದ್ದು ವ್ಯರ್ಥ, ಹಾಗೆಯೇ ತಿರುಗಿಯೂ. ಇದನ್ನೆಲ್ಲ ಮಾಡಿಸುವ ಮಾಲೀಕ ಪ್ರತಿ ಟೇಬಲ್ಲಿನ ಪಕ್ಕ ಒಂದು ಒದ್ದೆ, ಒಂದು ಒಣ ಟವೆಲ್ ತೂಗುಹಾಕಿದರೆ, ಆಟದ ಹಾಲಿನೊಳಗೇ ಒಂದು ಸಿಂಕ್ ಕೂರಿಸಿದರೆ ಪೌಡರ್ ನಿಷೇಧದ ಬೋರ್ಡು ಬರೆಸಬೇಕಾಗಿಯೇ ಇಲ್ಲ. ಎರಡು ಡಜನ್‌ಗೂ ಹೆಚ್ಚು ವಿಶ್ವ ಪ್ರಶಸ್ತಿ ಗೆದ್ದ ಪಂಕಜ್ ಅಡ್ವಾಣಿ ಬೆಳೆದ ಬೆಂಗಳೂರಿಗೆ ಒಳ್ಳೆಯ ಟೇಬಲ್ ಎಂದರೇನು ಎಂದು ಹೊಸದಾಗಿ ಹೇಳಿಕೊಡಬೇಕಿಲ್ಲ. ಕ್ಲಬ್ಬಿನ ಆ ಶಿಸ್ತು ಬಡಾವಣೆಯ ಪಾರ್ಲರ್‌ವರೆಗೆ ಇನ್ನೂ ಬಂದಿಲ್ಲ, ಅಷ್ಟೆ.

ಉಳಿದಿರುವುದು ಅತ್ಯಂತ ಗಟ್ಟಿಯಾದ ಆಕ್ಷೇಪ. ಕೆಲವರಿಗೆ ಅಂಗೈ ಬೆವರುವುದು ಒಂದು ದೇಹಸ್ಥಿತಿ. ಫ್ಯಾನಿನ ಕೆಳಗೆ ಸುಮ್ಮನೆ ಕುಳಿತಾಗಲೂ ಬೆರಳ ತುದಿಯಿಂದ ಹನಿಯುತ್ತದೆ, ಪರೀಕ್ಷೆಯ ಉತ್ತರಪತ್ರಿಕೆ ಒದ್ದೆಯಾಗುತ್ತದೆ. ಅವರಿಗೆ ಸಾಬೂನಿನ ಉಪದೇಶ ಮಾಡುವುದು ಕ್ರೌರ್ಯ. ಇದಕ್ಕೆ ವೈದ್ಯಕೀಯದಲ್ಲಿ ಹೈಪರ್‌ಹೈಡ್ರೋಸಿಸ್ ಎಂಬ ಹೆಸರಿದೆ, ಚಿಕಿತ್ಸೆಯೂ ಇದೆ: ರಾತ್ರಿ ಮಲಗುವಾಗ ಹಚ್ಚುವ ಅಲ್ಯೂಮಿನಿಯಂ ಕ್ಲೋರೈಡ್ ದ್ರಾವಣ, ನೀರಿನಲ್ಲಿ ಕೈಯಿಟ್ಟು ಸಣ್ಣ ವಿದ್ಯುತ್ ಹರಿಸುವ ಅಯಾಂಟೊಫೊರೆಸಿಸ್, ಬೊಟುಲಿನಂ ಚುಚ್ಚುಮದ್ದು. ಚರ್ಮವೈದ್ಯರು ನೋಡಿ ತೀರ್ಮಾನಿಸುವ ವಿಷಯ ಅದು. ಆದರೆ ಪೌಡರ್ ಪಕ್ಷದವರು ಮುಂದಿಡುವ ಈ ಉದಾಹರಣೆಯೇ ಪೌಡರಿಗೆ ವಿರುದ್ಧವಾಗಿ ಸಾಕ್ಷಿ ಹೇಳುತ್ತದೆ. ಸ್ವಲ್ಪ ಬೆವರುವ ಕೈಯಲ್ಲಿ ಟಾಲ್ಕ್ ಅರ್ಧ ಗಂಟೆ ನುಣುಪಾಗಿ ಉಳಿದೀತು, ಧಾರಾಳ ಬೆವರುವ ಕೈಯಲ್ಲಿ ಎರಡು ಹೊಡೆತಕ್ಕೇ ಕೆಸರಾಗುತ್ತದೆ. ಅಂಥವರಿಗೆ ಬೇಕಾದದ್ದು ಎರಡು ಗವಸು, ಒಂದು ಕೈಯಲ್ಲಿ, ಒಂದು ಜೇಬಿನಲ್ಲಿ. ಮೊದಲನೆಯದು ಒದ್ದೆಯಾದಾಗ ಬದಲಾಯಿಸಿಕೊಂಡು, ಮನೆಗೆ ಹೋದ ಮೇಲೆ ಎರಡನ್ನೂ ತೊಳೆದು ಒಣಹಾಕಿದರಾಯಿತು.